ದೋಣಿಗೆ ಕಟ್ಟಿದ ದೋಣಿ: ಕರ್ನಲ್‌ನಲ್ಲಿ ಅನ್ಯೋನ್ಯಾಶ್ರಯ ದೋಷ

ಕಳೆದ ಸೆಮಿಸ್ಟರಿನ ಅನುವಾದ ಪತ್ರಿಕೆಯಲ್ಲಿ ಗಣಕ ವಿಜ್ಞಾನದ ಒಂದು ಪರಿಚ್ಛೇದವನ್ನು ಕನ್ನಡಕ್ಕೆ ತರುವಂತೆ ಕೇಳಲಾಗಿತ್ತು. ಅದರಲ್ಲಿ 'ಸರ್ಕ್ಯುಲರ್ ಡಿಪೆಂಡೆನ್ಸಿ' ಎಂಬ ಮಾತು ಬಂದಿತ್ತು. ಬಹುಮಂದಿ ವಿದ್ಯಾರ್ಥಿಗಳು ಅದನ್ನು 'ವೃತ್ತಾಕಾರದ ಅವಲಂಬನೆ' ಎಂದು ಬರೆದಿದ್ದರು. ಪದಕ್ಕೆ ಪದ ಸರಿಯಾಗಿಯೇ ಇತ್ತು. ಅಂಕ ಕಳೆಯಲು ನನಗೆ ಮನಸ್ಸಾಗಲಿಲ್ಲ. ಆದರೆ ಅದನ್ನು ಓದಿದವನಿಗೆ ಅಲ್ಲೊಂದು ದೋಷವಿದೆ ಎಂಬುದೇ ಹೊಳೆಯುವುದಿಲ್ಲ. ಬಳೆಯೂ ವೃತ್ತಾಕಾರ, ರೊಟ್ಟಿಯೂ ವೃತ್ತಾಕಾರ, ಅವುಗಳಲ್ಲಿ ಕೆಟ್ಟದ್ದೇನಿದೆ?

ನಮ್ಮ ಹಳ್ಳಿಯ ಮಾತು ಇದಕ್ಕಿಂತ ಚುರುಕಾಗಿದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ನಾನು ಓದಿದ ಶಾಲೆಯಲ್ಲಿ ಬೆಳಗಿನ ಪಾಠ ಕನ್ನಡದಲ್ಲಿ, ಮಧ್ಯಾಹ್ನದ್ದು ಮರಾಠಿಯಲ್ಲಿ ನಡೆಯುತ್ತಿತ್ತು. ಮರಾಠಿ ಮಾಸ್ತರರು ಇದೇ ಗಾದೆಯನ್ನು 'ವೇಡ ಗೇಲ್ಯಾಶಿವಾಯ ಲಗ್ನ ಹೋತ ನಾಹೀ, ಲಗ್ನ ಝಾಲ್ಯಾಶಿವಾಯ ವೇಡ ಜಾತ ನಾಹೀ' ಎಂದು ಹೇಳಿದಾಗ, ಬೆಳಿಗ್ಗೆ ಕೇಳಿದ್ದೇ ಮಧ್ಯಾಹ್ನ ಬೇರೆ ಅಂಗಿ ತೊಟ್ಟು ಬಂದಂತೆ ನಮಗೆ ನಗು ಬರುತ್ತಿತ್ತು. ಈ ಗಾದೆಯಲ್ಲಿ ಎರಡು ಕಾರ್ಯಗಳಿವೆ. ಪ್ರತಿಯೊಂದೂ ಇನ್ನೊಂದು ಮೊದಲು ಆಗಲಿ ಎಂದು ಕಾಯುತ್ತದೆ. ಆದ್ದರಿಂದ ಎರಡೂ ಆಗುವುದಿಲ್ಲ. ಗಣಕ ವಿಜ್ಞಾನಿಗಳು ಹೇಳಹೊರಟ ದೋಷ ಇದೇ.

ಶಾಸ್ತ್ರದಲ್ಲಿ ಇದಕ್ಕೆ ಹೆಸರುಗಳಿವೆ. ತಾನೇ ತನ್ನನ್ನು ಆಶ್ರಯಿಸಿದರೆ ಆತ್ಮಾಶ್ರಯ. ಎರಡು ಒಂದನ್ನೊಂದು ಆಶ್ರಯಿಸಿದರೆ ಅನ್ಯೋನ್ಯಾಶ್ರಯ. ಮೂರು ಅಥವಾ ಹೆಚ್ಚು ವಸ್ತುಗಳು ಸುತ್ತಿಬಂದು ಮೊದಲಿನದನ್ನೇ ಮುಟ್ಟಿದರೆ ಚಕ್ರಕ. ಸುತ್ತಿಬಾರದೆ ಕೊನೆಯಿಲ್ಲದೆ ಹಿಂದಕ್ಕೆ ಸರಿಯುತ್ತಲೇ ಹೋದರೆ ಅನವಸ್ಥೆ. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇವು ನಿತ್ಯದ ಮಾತುಗಳು. ವ್ಯಾಕರಣದವರು ಎರಡನೆಯದನ್ನು ಇತರೇತರಾಶ್ರಯ ಎಂದೂ ಕರೆಯುತ್ತಾರೆ. ಪಾಣಿನಿಯ ಮೊದಲ ಸೂತ್ರ ಆ, ಐ, ಔ ಎಂಬ ಸ್ವರಗಳಿಗೆ 'ವೃದ್ಧಿ' ಎಂದು ಹೆಸರಿಡುತ್ತದೆ. ಏಕೈಕ ಎಂಬಲ್ಲಿ ನೀವು ಕಲಿತ ವೃದ್ಧಿಸಂಧಿಯ ಹೆಸರೂ ಅಲ್ಲಿಂದಲೇ ಬಂದದ್ದು. ಇದರ ಮೇಲೆ ಪತಂಜಲಿ ಮಹಾಭಾಷ್ಯದಲ್ಲಿ ಒಂದು ಆಕ್ಷೇಪವನ್ನೆತ್ತುತ್ತಾನೆ: ಹೆಸರಿಡಬೇಕಾದರೆ ಆ ಸ್ವರಗಳು ಮೊದಲೇ ಇರಬೇಕು, ಆದರೆ 'ವೃದ್ಧಿ ಬರಲಿ' ಎಂಬ ವಿಧಿಯಿಂದಲೇ ಅವು ಪದದಲ್ಲಿ ಹುಟ್ಟಬೇಕು, ಹಾಗಾದರೆ ಯಾವುದು ಮೊದಲು? ಹೀಗೆ ಪರಸ್ಪರ ನೆಚ್ಚಿದ ಕಾರ್ಯಗಳು ಸಾಗುವುದಿಲ್ಲ ಎನ್ನುವುದಕ್ಕೆ ಅವನು ಕೊಡುವ ದೃಷ್ಟಾಂತ ದೋಣಿಗೆ ಕಟ್ಟಿದ ದೋಣಿಯದು. ಒಂದು ದೋಣಿಯನ್ನು ಇನ್ನೊಂದಕ್ಕೆ ಬಿಗಿದರೆ ಎರಡೂ ಒಂದನ್ನೊಂದು ಕಾಪಾಡಲಾರವು. ಹೊಗೇನಕಲ್ಲಿನ ಸೆಳವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಹರಿಗೋಲನ್ನು ದಡದ ಬಂಡೆಗೆ ಕಟ್ಟಬೇಕು. ಪಕ್ಕದ ಹರಿಗೋಲಿಗೆ ಕಟ್ಟಿದರೆ ಎರಡೂ ಕೂಡಿಯೇ ತೇಲಿಹೋಗುತ್ತವೆ.

ಇನ್ನು ಕರ್ನಲ್‌ನ ವಿಷಯ. ಗಣಕದ ಕಾರ್ಯಾಚರಣಾ ವ್ಯವಸ್ಥೆಯ ಒಳತಿರುಳೇ ಕರ್ನಲ್. ಅದರ ಕೆಲಸಗಳಲ್ಲಿ ಒಂದು, ಯಂತ್ರದಲ್ಲಿರುವ ನೂರಾರು ಸಾಧನಗಳನ್ನು ಎಬ್ಬಿಸುವುದು, ಮಲಗಿಸುವುದು, ಮತ್ತೆ ಎಬ್ಬಿಸುವುದು. ಆಂಡ್ರಾಯ್ಡ್ ಫೋನುಗಳಲ್ಲಿರುವುದು ಲಿನಕ್ಸ್ ಎಂಬ ಕರ್ನಲ್. ನಿಮ್ಮಲ್ಲಿ ಬಹುಪಾಲು ಜನರ ಜೇಬಿನಲ್ಲಿ ಅದು ಈಗಲೂ ಓಡುತ್ತಿದೆ. ಪರದೆ ಬೆಳಗಬೇಕಾದರೆ ಅದಕ್ಕೆ ಹದವಾದ ವಿದ್ಯುತ್ತನ್ನು ಕೊಡುವ ಒಂದು ಸಾಧನ ಬೇಕು, ತಾಳ ಹಾಕಿಕೊಡುವ ಗಡಿಯಾರ-ಸಂಕೇತ ಬೇಕು, ಹಿಂಬೆಳಕು ಬೇಕು. ಗಡಿಯಾರ-ಸಂಕೇತವನ್ನು ಹಂಚುವ ನಿಯಂತ್ರಕಕ್ಕೂ ಯಾರೋ ವಿದ್ಯುತ್ತು ಕೊಡಬೇಕು. ಹೀಗೆ ಕೊಡುವ ಸಾಧನವನ್ನು ಈ ಪಾಠದಲ್ಲಿ ಆಶ್ರಯವೆಂದೂ, ಪಡೆಯುವುದನ್ನು ಆಶ್ರಿತವೆಂದೂ ಕರೆಯೋಣ. ಎಬ್ಬಿಸುವಾಗ ಆಶ್ರಯ ಮೊದಲು, ಆಶ್ರಿತ ಆಮೇಲೆ. ಮಲಗಿಸುವಾಗ ಇದಕ್ಕೆ ವಿರುದ್ಧ ಕ್ರಮ: ಆಶ್ರಿತ ಮೊದಲು ಮಲಗಬೇಕು. ಈ ಕ್ರಮ ತಪ್ಪಿ, ಗಡಿಯಾರ ನಿಂತುಹೋದ ಸಾಧನವನ್ನು ಕರ್ನಲ್ ಮಾತನಾಡಿಸಲು ಹೋದರೆ, ಅನೇಕ ಚಿಪ್ಪುಗಳಲ್ಲಿ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ.

ಸಾಧನಗಳಲ್ಲಿ ಎರಡು ಬಗೆಯ ಸಂಬಂಧಗಳಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಜಿಲ್ಲೆಗಳನ್ನೇ ನೋಡಿ. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಹುಟ್ಟಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಹುಟ್ಟಿತು. ಇದು ವಂಶವೃಕ್ಷ. ವೃಕ್ಷದಲ್ಲಿ ಮಗು ತಾಯಿಯ ಕೆಳಗೇ ಇರುವುದರಿಂದ ಸುತ್ತಿಬರುವ ಪ್ರಶ್ನೆಯೇ ಇಲ್ಲ. ಮೊಮ್ಮಗಳು ಅಜ್ಜಿಯನ್ನು ಹೆರಲಾರಳು. ಆದರೆ ಕೃಷ್ಣಗಿರಿಯ ಊರುಗಳಿಗೆ ಕುಡಿಯುವ ನೀರು ಬರುವುದು ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನ ಯೋಜನೆಯಿಂದ. ನೀರಿನ ಕೊಳವೆ ವಂಶವೃಕ್ಷವನ್ನು ಕೇಳಿ ಹರಿಯುವುದಿಲ್ಲ. ಕರ್ನಲ್‌ನೊಳಗೂ ಹೀಗೆಯೇ. ಸಾಧನಗಳ ಜನಕ-ಜನ್ಯ ವೃಕ್ಷವೊಂದು ಮೊದಲಿನಿಂದಲೂ ಇತ್ತು. ಆದರೆ ವಿದ್ಯುತ್ತು, ಗಡಿಯಾರ-ಸಂಕೇತ ಮೊದಲಾದ ಆಶ್ರಯಗಳು ಕೊಂಬೆಯಿಂದ ಕೊಂಬೆಗೆ ಅಡ್ಡಡ್ಡ ಹಾಯುತ್ತವೆ. ಚಕ್ರಕ ನುಸುಳುವುದು ಈ ಅಡ್ಡದಾರಿಗಳಿಂದಲೇ.

ಮೊದಲು ಇದಕ್ಕೊಂದು ಸರಳ ಉಪಾಯವನ್ನು ಮಾಡಿದರು. 2012ರಲ್ಲಿ ಬಂದ ಲಿನಕ್ಸ್ 3.4ನೇ ಆವೃತ್ತಿಯಿಂದ, ತನ್ನ ಆಶ್ರಯ ಇನ್ನೂ ಎದ್ದಿಲ್ಲವೆಂದು ಕಂಡ ಡ್ರೈವರ್ 'ಈಗಲ್ಲ, ಆಮೇಲೆ ಕರೆಯಿರಿ' ಎಂದು ಹೇಳಿ ಹಿಂದಿರುಗಬಹುದಾಯಿತು. ಆ ಉತ್ತರಕ್ಕೆ 517 ಎಂಬ ಸಂಖ್ಯೆಯೂ ಇದೆ. ಹಾಗೆ ಹಿಂದಿರುಗಿದವರನ್ನೆಲ್ಲ ಒಂದು ಪಟ್ಟಿಯಲ್ಲಿ ಕೂರಿಸಿ, ಬೇರೊಂದು ಸಾಧನ ಎದ್ದಾಗಲೆಲ್ಲ ಅವರನ್ನು ಮತ್ತೆ ಕೂಗಿ ನೋಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಇದು ಸಾಕು. ಆದರೆ ಎರಡು ಸಾಧನಗಳು ಪರಸ್ಪರ ಕಾಯುತ್ತಿದ್ದರೆ ಎರಡೂ 'ಆಮೇಲೆ' ಎನ್ನುತ್ತವೆ. ಹೊಸದಾಗಿ ಯಾರೂ ಏಳುವುದಿಲ್ಲವಾದ್ದರಿಂದ ಯಾರನ್ನೂ ಮತ್ತೆ ಕೂಗುವುದಿಲ್ಲ. ಯಂತ್ರ ಬಿಸಿಯೇರುವುದಿಲ್ಲ, ಕಿರುಚುವುದಿಲ್ಲ. ಪರದೆ ಸುಮ್ಮನೆ ಕಪ್ಪಾಗಿಯೇ ಉಳಿಯುತ್ತದೆ. ಕೆಲವರು ಇದನ್ನು ಅನವಸ್ಥೆ ಎಂದು ಕರೆಯಬಯಸುತ್ತಾರೆ. ನಾನು ಒಪ್ಪುವುದಿಲ್ಲ. ಅನವಸ್ಥೆಯಲ್ಲಿ ನಡಿಗೆ ನಿಲ್ಲುವುದಿಲ್ಲ. ಇಲ್ಲಿ ನಡಿಗೆ ಆರಂಭವಾಗುವುದೇ ಇಲ್ಲ. ಇದು ಅಪ್ಪಟ ಅನ್ಯೋನ್ಯಾಶ್ರಯ.

ದೋಷ ಹುಟ್ಟಿದ ಮೇಲೆ ಹುಡುಕುವುದಕ್ಕಿಂತ ಹುಟ್ಟದಂತೆ ತಡೆಯುವುದು ಮೇಲು. 2017ರ ಫೆಬ್ರವರಿಯಲ್ಲಿ ಹೊರಬಂದ 4.10ನೇ ಆವೃತ್ತಿಯಲ್ಲಿ, ರಫಾಯೆಲ್ ವಿಸೋತ್ಸ್ಕಿ ಅವರು ರೂಪಿಸಿದ 'ಡಿವೈಸ್ ಲಿಂಕ್' ಎಂಬ ವ್ಯವಸ್ಥೆ ಸೇರಿತು. 'ಈ ಆಶ್ರಿತವನ್ನು ಈ ಆಶ್ರಯಕ್ಕೆ ಕಟ್ಟು' ಎಂದು ಡ್ರೈವರ್ ಕೇಳಿದೊಡನೆ ಕರ್ನಲ್ ಗಂಟು ಹಾಕುವುದಿಲ್ಲ. ಮೊದಲು ಒಂದು ಶೋಧ ನಡೆಸುತ್ತದೆ. ಆಶ್ರಿತದಿಂದ ಹೊರಟು, ಅದರ ಮಕ್ಕಳನ್ನೆಲ್ಲ, ಅದನ್ನು ನೆಚ್ಚಿದವರನ್ನೆಲ್ಲ, ಅವರ ಮಕ್ಕಳನ್ನು, ಅವರನ್ನು ನೆಚ್ಚಿದವರನ್ನು ಹೀಗೆ ಕೊನೆಯವರೆಗೂ ಭೇಟಿ ಮಾಡುತ್ತದೆ. ಈ ಯಾತ್ರೆಯಲ್ಲಿ ಎಲ್ಲಾದರೂ ಆಶ್ರಯವೆಂದು ಹೇಳಲಾದ ಸಾಧನವೇ ಎದುರಾದರೆ, ಅದು ಈಗಾಗಲೇ ಈ ಆಶ್ರಿತವನ್ನು ನೆಚ್ಚಿದೆ ಎಂದಾಯಿತು. ಆಗ ಗಂಟು ಹಾಕಲು ಕರ್ನಲ್ ನಿರಾಕರಿಸುತ್ತದೆ. ಎದುರಾಗದಿದ್ದರೆ ಗಂಟು ಹಾಕಿ, ಆಶ್ರಿತವನ್ನೂ ಅದರ ಹಿಂದಿರುವವರನ್ನೂ ಸರದಿಯ ತುದಿಗೆ ಕಳುಹಿಸುತ್ತದೆ. ಎಬ್ಬಿಸುವ ಮಲಗಿಸುವ ಕ್ರಮಗಳೆರಡೂ ಅದರಿಂದ ನೆಟ್ಟಗಾಗುತ್ತವೆ. ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಚಕ್ರಕ ಈ ಮೂರೂ ಒಂದೇ ಯಾತ್ರೆಯಲ್ಲಿ ಸಿಕ್ಕಿಬೀಳುತ್ತವೆ ಎಂಬುದನ್ನು ಗಮನಿಸಿ. ಹೊರಟ ಮನೆಯಲ್ಲೇ ಸಿಕ್ಕರೆ ಮೊದಲನೆಯದು, ಪಕ್ಕದ ಮನೆಯಲ್ಲಿ ಸಿಕ್ಕರೆ ಎರಡನೆಯದು, ದೂರದ ಮನೆಯಲ್ಲಿ ಸಿಕ್ಕರೆ ಮೂರನೆಯದು. ಹೆಸರು ಮೂರಾದರೂ ಹುಡುಕುವ ಬಗೆ ಒಂದೇ.

ಇಷ್ಟರಿಂದ ಚಕ್ರಕ ಎಂದೆಂದಿಗೂ ಹುಟ್ಟದೆಂದು ಹೇಗೆ ನಂಬುವುದು? ತರ್ಕ ಬಹಳ ಚಿಕ್ಕದು. ಗಂಟೇ ಇಲ್ಲದ ಆರಂಭದಲ್ಲಿ ಚಕ್ರಕವಿಲ್ಲ. ಮುಂದೆ ಒಂದು ಗಂಟಿನಿಂದ ಹೊಸ ಚಕ್ರಕ ಹುಟ್ಟುವುದಾದರೆ ಅದು ಆ ಹೊಸ ಗಂಟಿನ ಮೂಲಕವೇ ಹಾದುಹೋಗಬೇಕು. ಹಳೆಯ ಗಂಟುಗಳಷ್ಟರಿಂದಲೇ ಅದಾಗುವಂತಿದ್ದರೆ ಮೊದಲೇ ಇರುತ್ತಿತ್ತು. ಆದ್ದರಿಂದ ಪ್ರತಿ ಹೊಸ ಗಂಟನ್ನು ಹಾಕುವ ಮುನ್ನ ಆ ಒಂದನ್ನು ಮಾತ್ರ ಪರೀಕ್ಷಿಸಿದರೆ ಸಾಕು, ಇಡೀ ಬಲೆಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಿಲ್ಲ. ಛಂದಸ್ಸಿನ ಪಾಠದಲ್ಲಿ ಗಣವಿಭಾಗ ಮಾಡುವಾಗ ಹಿಂದಿನ ಗಣಗಳು ಸರಿಯಿದ್ದರೆ ಮುಂದಿನದೊಂದನ್ನೇ ನೋಡುತ್ತೀರಲ್ಲ, ಹಾಗೆ.

ಆದರೆ ಇಲ್ಲಿ ಎರಡು ಕೊರತೆಗಳಿವೆ. ಕರ್ನಲ್‌ಗೆ ತಿಳಿಸದ ಆಶ್ರಯ ಅದಕ್ಕೆ ಕಾಣದು. ಹೇಳದೆ ನೆಚ್ಚಿಕೊಂಡವರನ್ನು ಯಾವ ಶೋಧವೂ ಹಿಡಿಯಲಾರದು. ಎರಡನೆಯದು ಹೆಚ್ಚು ಗಂಭೀರ. ಪರಸ್ಪರ ವಿರುದ್ಧವಾದ ಎರಡು ಗಂಟುಗಳನ್ನು ಇಬ್ಬರು ಕೇಳಿದರೆ, ಮೊದಲು ಬಂದವನ ಗಂಟು ಬೀಳುತ್ತದೆ, ಎರಡನೆಯವನದು ತಿರಸ್ಕೃತವಾಗುತ್ತದೆ. ಯಾರು ನಿಜವಾಗಿ ಯಾರನ್ನು ನೆಚ್ಚಿದ್ದಾರೆ ಎಂಬ ವಿಚಾರಣೆ ಅಲ್ಲಿಲ್ಲ. ಸರದಿಯಲ್ಲಿ ಮುಂದೆ ನಿಂತದ್ದೇ ಸತ್ಯವಾಗುವುದನ್ನು ನ್ಯಾಯವೆನ್ನಲಾಗದು.

ನಿಜವಾದ ಯಂತ್ರಗಳಲ್ಲಿ ಪರಸ್ಪರಾಶ್ರಯ ಅಪರೂಪವೂ ಅಲ್ಲ. ಫೋನಿನ ಪರದೆಯ ಬಳಿ ಎರಡು ಅಂಗಗಳಿವೆ ಎನ್ನಿ. ಒಂದು, ಗಡಿಯಾರ-ಸಂಕೇತಗಳನ್ನು ಹಂಚುವ ನಿಯಂತ್ರಕ. ಇನ್ನೊಂದು, ಚಿತ್ರವನ್ನು ತಂತಿಯ ಮೂಲಕ ಪರದೆಗೆ ಸಾಗಿಸುವ ಪ್ರೇಷಕ. ಪ್ರೇಷಕವನ್ನು ಮಾತನಾಡಿಸಬೇಕಾದರೆ ನಿಯಂತ್ರಕದಿಂದ ಅದಕ್ಕೊಂದು ಸಂಕೇತ ಬರಬೇಕು. ಆದರೆ ಚಿತ್ರದ ಚುಕ್ಕಿಗಳ ವೇಗಕ್ಕೆ ಹೊಂದುವ ವಿಶೇಷ ಸಂಕೇತ ಹುಟ್ಟುವುದು ಪ್ರೇಷಕದೊಳಗೆ. ಅದು ನಿಯಂತ್ರಕಕ್ಕೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತದೆ. ಹೀಗೆ ಎರಡೂ ಒಂದಕ್ಕೊಂದು ಆಶ್ರಯ. ಕ್ವಾಲ್ಕಾಮ್ ಚಿಪ್ಪಿನ ಫೋನುಗಳಲ್ಲಿ ಇಂಥದ್ದು ಇದೆ. ಆದರೂ ಅವುಗಳ ಪರದೆ ಬೆಳಗುತ್ತಲೇ ಇದೆ. ಹಾಗಾದರೆ ದೋಷವೆಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರವನ್ನು ಪತಂಜಲಿಯಲ್ಲೇ ಓದಬಹುದು. ದೋಣಿಯ ದೃಷ್ಟಾಂತವಾದ ಕೂಡಲೇ ಅವನು ಎದುರುವಾದಿಯ ಬಾಯಿಯಿಂದ ಒಂದು ಮಾತನ್ನು ಆಡಿಸುತ್ತಾನೆ: ಪರಸ್ಪರ ನೆಚ್ಚಿದವೂ ಲೋಕದಲ್ಲಿ ಸಾಗುವುದನ್ನು ಕಂಡಿದ್ದೇವೆ, ದೋಣಿ ಬಂಡಿಯನ್ನು ಹೊರುತ್ತದೆ, ಬಂಡಿ ದೋಣಿಯನ್ನು ಹೊರುತ್ತದೆ. ಉತ್ತರ ಹೀಗಿದೆ: ಅಲ್ಲಿ ಮತ್ತೇನೋ ಒಂದು ಇದೆ, ಜಲ ಅಥವಾ ಸ್ಥಲ, ನೆಲದ ಮೇಲೆ ಬಂಡಿ ದೋಣಿಯನ್ನು ಹೊರುತ್ತದೆ, ನೀರಿನ ಮೇಲೆ ದೋಣಿ ಬಂಡಿಯನ್ನು. ಹೊಗೇನಕಲ್ಲಿಗೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. (ಊರಿನ ಹೆಸರು ಹೊಗೆ, ಕಲ್ಲು ಎಂಬ ನಮ್ಮ ಪದಗಳಿಂದಲೇ ಆಗಿದೆ ಎಂಬುದನ್ನು ಸೇಲಂ, ಧರ್ಮಪುರಿಯ ಕನ್ನಡ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಿಲ್ಲ, ಆದರೂ ಹೇಳದಿರಲಾರೆ.) ಅಂಬಿಗ ಹರಿಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ಬಂಡೆಗಳನ್ನಿಳಿಯುತ್ತಾನೆ, ನೀರಿಗಿಳಿದ ಮೇಲೆ ಹರಿಗೋಲು ಅಂಬಿಗನನ್ನು ಹೊರುತ್ತದೆ. ಇಬ್ಬರೂ ಪರಸ್ಪರ ಆಶ್ರಯ. ಆದರೆ ಒಂದೇ ಗಳಿಗೆಯಲ್ಲಿ ಅಲ್ಲ, ಒಂದೇ ಕಾರ್ಯಕ್ಕೂ ಅಲ್ಲ. ಅಂದಮೇಲೆ ಪರಸ್ಪರಾಶ್ರಯವೆಲ್ಲ ದೋಷವಲ್ಲ. ಒಂದೇ ಕಾಲದಲ್ಲಿ, ಒಂದೇ ಕಾರ್ಯಕ್ಕಾಗಿ ಆಶ್ರಯವು ಸುತ್ತಿಬಂದರೆ ಮಾತ್ರ ದೋಷ. 'ವೃತ್ತಾಕಾರ' ಎಂಬ ಪದ ಈ ವಿವೇಚನೆಯನ್ನು ಅಳಿಸಿಬಿಡುತ್ತದೆ; ಅದರ ಮೇಲೆ ನನಗಿರುವ ದೂರು ಇದೇ.

ನಿಯಂತ್ರಕ ಮತ್ತು ಪ್ರೇಷಕಗಳಿಗೆ ಇದನ್ನು ಹೊಂದಿಸಿ ನೋಡಿ. ಪ್ರೇಷಕಕ್ಕೆ ನಿಯಂತ್ರಕ ಬೇಕಾದದ್ದು ಏಳುವಾಗ; ನಿಯಂತ್ರಕಕ್ಕೆ ಪ್ರೇಷಕ ಬೇಕಾದದ್ದು ಎದ್ದ ಮೇಲೆ, ಚಿತ್ರ ಬಿಡಿಸುವಾಗ. ಆದ್ದರಿಂದ ನಿಯಂತ್ರಕ ಮೊದಲು ಏಳಲಿ. ನಮಗೆ ಇದು ತಿಳಿಯಿತು; ಕರ್ನಲ್‌ಗೆ ತಿಳಿಯುವುದು ಹೇಗೆ?

ಚಿಪ್ಪಿನ ಸಾಧನಗಳನ್ನೂ ಅವುಗಳ ಆಶ್ರಯಗಳನ್ನೂ ಬರೆದಿಟ್ಟ ಒಂದು ವಿವರಪಟ್ಟಿ ಇರುತ್ತದೆ. ಅದಕ್ಕೆ ಡಿವೈಸ್ ಟ್ರೀ, ಸಾಧನವೃಕ್ಷ ಎಂದು ಹೆಸರು. ಡ್ರೈವರುಗಳು ಬಂದು ಕೇಳುವವರೆಗೆ ಕಾಯದೆ, ಈ ಪಟ್ಟಿಯನ್ನು ಓದಿಯೇ ಗಂಟುಗಳನ್ನು ಗುರುತು ಹಾಕುವ ಪದ್ಧತಿಯನ್ನು ಸರವಣ ಕಣ್ಣನ್ ಅವರು ಲಿನಕ್ಸಿಗೆ ತಂದರು. ಇಲ್ಲೊಂದು ಸೊಗಸಾದ ತೊಡಕಿದೆ. ಪಟ್ಟಿಯನ್ನು ಓದುವ ಹೊತ್ತಿಗೆ ಸಾಧನಗಳು ಕರ್ನಲ್‌ನೊಳಗೆ ಇನ್ನೂ ಹುಟ್ಟಿರುವುದಿಲ್ಲ. ಹುಟ್ಟದವುಗಳ ನಡುವೆ ಸಂಬಂಧ ಹೇಗೆ? ಮಹಾಭಾಷ್ಯ ಇದನ್ನು 'ಭಾವಿನೀ ಸಂಜ್ಞೆ' ಎಂದು ಪರಿಹರಿಸುತ್ತದೆ, ಸಂಪ್ರಸಾರಣವೆಂಬ ಸಂಜ್ಞೆಯ ಚರ್ಚೆಯಲ್ಲಿ. ಒಬ್ಬನು ನೇಕಾರನಿಗೆ ನೂಲನ್ನು ಕೊಟ್ಟು ಇದರಿಂದ ಸೀರೆ ನೇಯಿ ಎನ್ನುತ್ತಾನೆ. ಸೀರೆಯಾಗಿದ್ದರೆ ನೇಯಬೇಕಿಲ್ಲ, ನೇಯಬೇಕಾದರೆ ಅದಿನ್ನೂ ಸೀರೆಯಲ್ಲ. ಆದರೂ ನೇಕಾರ ಗೊಂದಲಗೊಳ್ಳುವುದಿಲ್ಲ: ನೇಯ್ದ ಮೇಲೆ ಯಾವುದಕ್ಕೆ ಸೀರೆಯೆಂಬ ಹೆಸರು ಬರುವುದೋ ಅದನ್ನು ನೇಯಬೇಕೆಂದು ಅವನು ತಿಳಿಯುತ್ತಾನೆ. ಸೇಲಂನಲ್ಲಿ ಕನ್ನಡ ಮನೆಮಾತಿನ ದೇವಾಂಗರ ಮಗ್ಗಗಳ ಮುಂದೆ ನಿಂತು ಈ ವಾಕ್ಯವನ್ನು ಕೇಳಿದರೆ ಭಾಷ್ಯಕಾರನು ಆಚೆ ಬೀದಿಯವನೇ ಎನ್ನಿಸುತ್ತದೆ. ಕರ್ನಲ್ ಸಹ ಮುಂದೆ ಹುಟ್ಟಲಿರುವ ಸಾಧನಗಳ ಹೆಸರುಗಳ ನಡುವೆ ಗಂಟಿನ ಗುರುತು ಹಾಕಿಕೊಂಡು, ಸಾಧನಗಳು ಹುಟ್ಟಿದಂತೆ ಆ ಗುರುತುಗಳನ್ನು ನಿಜವಾದ ಗಂಟುಗಳಾಗಿ ಬದಲಿಸುತ್ತದೆ.

ಪಟ್ಟಿಯಲ್ಲಿ ಚಕ್ರಕ ಕಂಡುಬಂದರೆ? ಆಗ ಕರ್ನಲ್ ಆ ಚಕ್ರದಲ್ಲಿರುವ ಗಂಟುಗಳನ್ನು ಸಡಿಲಿಸುತ್ತದೆ. ಅವುಗಳ ಹೆಸರಿನಲ್ಲಿ ಯಾರನ್ನೂ ತಡೆಯುವುದಿಲ್ಲ. ಯಂತ್ರ ಜಡವಾಗದೆ ಉಳಿಯುತ್ತದೆ ನಿಜ, ಆದರೆ ಬೆಲೆಯೂ ಇದೆ. ಸುಳ್ಳು ಗಂಟಿನೊಡನೆ ನಿಜವಾದ ಗಂಟೂ ಸಡಿಲವಾಗುವುದರಿಂದ ಯಾರು ಮೊದಲು ಎಂಬ ಜ್ಞಾನವೇ ಕಳೆದುಹೋಗುತ್ತದೆ. ಇದನ್ನು ನೀಗಲು 2024ರಲ್ಲಿ ಸಾಧನವೃಕ್ಷದ ಭಾಷೆಗೆ 'ಪೋಸ್ಟ್-ಇನಿಟ್-ಪ್ರೊವೈಡರ್ಸ್' ಎಂಬ ಒಂದು ಪದವನ್ನು ಸೇರಿಸಿದರು. ಇವರು ನನಗೆ ಆಶ್ರಯವೇ, ಆದರೆ ನಾನು ಏಳುವುದಕ್ಕೆ ಇವರು ಬೇಕಿಲ್ಲ, ಎದ್ದ ಮೇಲೆ ಸಾಕು ಎಂಬುದು ಅದರ ಅರ್ಥ. ನಾನು ಅದನ್ನು 'ಆರಂಭೋತ್ತರ ಆಶ್ರಯ' ಎಂದು ಅನುವಾದಿಸುತ್ತೇನೆ. ನಿಯಂತ್ರಕದ ವಿವರದಲ್ಲಿ ಪ್ರೇಷಕವನ್ನು ಹೀಗೆ ಸೂಚಿಸಿದರೆ ಒಂದು ಗಂಟು ಮಾತ್ರ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಬಿಗಿಯಾಗಿಯೇ ಉಳಿಯುತ್ತದೆ. ಯಾವುದು ಜಲ, ಯಾವುದು ಸ್ಥಲ ಎಂಬುದನ್ನು ಯಂತ್ರವನ್ನು ಬಲ್ಲ ಮನುಷ್ಯ ಬರೆದುಕೊಡಬೇಕಾಯಿತು. ಕರ್ನಲ್ ಅದನ್ನು ತಾನಾಗಿ ಊಹಿಸಲಾರದು.

ಎದುರುವಾದಿ ಇನ್ನೂ ಸೋತಿರುವುದಿಲ್ಲ. ಹಾಗಾದರೆ ಮುಕ್ಕಾಲಿಯನ್ನು ನೋಡು, ಮೂರು ಕೋಲುಗಳು ಒಂದಕ್ಕೊಂದು ಒರಗಿ, ಒಂದೇ ಗಳಿಗೆಯಲ್ಲಿ ನಿಂತಿವೆಯಲ್ಲ ಎನ್ನುತ್ತಾನೆ. ಅಲ್ಲಿಯೂ ಕೊನೆಗೆ ಒಂದು ದಾರವಿದೆ ಎಂಬುದು ಭಾಷ್ಯಕಾರನ ಉತ್ತರ. ಈ ದಾರವನ್ನು ನೀವು ಮೇಟ್ಟೂರಿನಲ್ಲಿ ನೋಡಬಹುದು. ಅಲ್ಲಿನ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಸಾಮರ್ಥ್ಯ 1440 ಮೆಗಾವ್ಯಾಟ್. ಇಂಥ ಸ್ಥಾವರದಲ್ಲಿ ಕಲ್ಲಿದ್ದಲನ್ನು ಪುಡಿಮಾಡುವ ಗಿರಣಿ, ಕುಲುಮೆಗೆ ಗಾಳಿ ಊದುವ ಪಂಖ, ನೀರನ್ನೊತ್ತುವ ಪಂಪು ಎಲ್ಲಕ್ಕೂ ವಿದ್ಯುತ್ತು ಬೇಕು. ವಿದ್ಯುತ್ತಿಗೆ ಉಗಿ, ಉಗಿಗೆ ಬೆಂಕಿ, ಬೆಂಕಿಗೆ ಗಿರಣಿ, ಗಿರಣಿಗೆ ವಿದ್ಯುತ್ತು: ಚಕ್ರಕ. ನಡೆಯುತ್ತಿರುವವರೆಗೆ ಇದು ತೊಂದರೆಯಲ್ಲ. ಸುತ್ತಲಿನ ವಿದ್ಯುಜ್ಜಾಲವೆಲ್ಲ ಕತ್ತಲಾಗಿ ಸ್ಥಾವರವೂ ನಿಂತರೆ ಅದು ತಾನಾಗಿ ಏಳಲಾರದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಜಾಲವು ಕುಸಿದಾಗ ಅಲ್ಲಿನವರು ಎದುರಿಸಿದ್ದು ಇದೇ ಪ್ರಶ್ನೆಯನ್ನು. ಜಲವಿದ್ಯುತ್ ಘಟಕದ ಸಂಗತಿ ಬೇರೆ. ಅಣೆಕಟ್ಟಿನ ಹಿಂದೆ ನೀರು ಎತ್ತರದಲ್ಲಿ ನಿಂತಿದೆ. ತೂಬನ್ನು ತೆರೆಯುವಷ್ಟು ಶಕ್ತಿ ಬ್ಯಾಟರಿಯಿಂದಲೋ ಪುಟ್ಟ ಡೀಸೆಲ್ ಯಂತ್ರದಿಂದಲೋ ದೊರೆತರೆ ಚಕ್ರ ತಿರುಗುತ್ತದೆ. ಅದರ ವಿದ್ಯುತ್ತಿನಿಂದ ಕಲ್ಲಿದ್ದಲ ಸ್ಥಾವರವನ್ನು ಎಬ್ಬಿಸಬಹುದು. 1934ರಲ್ಲಿ ಮುಗಿದ ಮೇಟ್ಟೂರು ಅಣೆಕಟ್ಟಿನ ಕೆಳಗೆ ಎರಡು ಬಗೆಯ ಸ್ಥಾವರಗಳೂ ಅಕ್ಕಪಕ್ಕದಲ್ಲೇ ಇವೆ.

ಕರ್ನಲ್‌ಗೂ ಇಂಥ ದಾರ ಬೇಕು. ಚಕ್ರಕವಿಲ್ಲದ, ಎಣಿಸಿ ಮುಗಿಯುವ ಯಾವ ಆಶ್ರಯಬಲೆಯಲ್ಲೂ ಯಾರನ್ನೂ ನೆಚ್ಚದ ಒಬ್ಬನಾದರೂ ಇರಲೇಬೇಕು. ಇಲ್ಲವಾದರೆ ಆಶ್ರಯದಿಂದ ಆಶ್ರಯಕ್ಕೆ ಹಿಂದೆ ಹಿಂದೆ ಹೋಗುತ್ತ ಒಂದಲ್ಲ ಒಂದು ದಿನ ನೋಡಿದ ಮುಖವನ್ನೇ ಮತ್ತೆ ನೋಡುತ್ತೇವೆ. ಫೋನಿನಲ್ಲಿ ಆ ಒಬ್ಬನು ಸಾಮಾನ್ಯವಾಗಿ ಒಂದು ಸ್ಫಟಿಕ. ವಿದ್ಯುತ್ತು ತಾಗಿದೊಡನೆ ತನ್ನಷ್ಟಕ್ಕೆ ಕಂಪಿಸುವ ಅದಕ್ಕೆ ಮೇಲೆ ಬೇರೆ ಗಡಿಯಾರವಿಲ್ಲ. ಉಳಿದ ಸಂಕೇತಗಳೆಲ್ಲ ಅದರಿಂದ ಇಳಿದು ಬಂದವು.

ಅಭ್ಯಾಸಕ್ಕೆ: ಒಂದು ಫೋನಿನ ಚಾರ್ಜಿಂಗ್ ಕಂಡಿಯ ಬಳಿ ಮೂರು ಸಾಧನಗಳಿವೆ. ಕಂಡಿಯ ನಿಯಂತ್ರಕವು ಹೊರಗಿನ ಪೆನ್‌ಡ್ರೈವಿಗೆ ವಿದ್ಯುತ್ತು ಕೊಡಲು ಒಂದು ವಿದ್ಯುತ್-ನಿಯಾಮಕವನ್ನು ನೆಚ್ಚಿದೆ. ಆ ನಿಯಾಮಕವು ಚಾರ್ಜರ್ ಚಿಪ್ಪಿನ ಮಗು. ಚಾರ್ಜರ್ ಚಿಪ್ಪು, ಎಷ್ಟು ವಿದ್ಯುತ್ತನ್ನು ಎಳೆಯಬಹುದೆಂದು ತಿಳಿಯಲು ಕಂಡಿಯ ನಿಯಂತ್ರಕವನ್ನು ನೆಚ್ಚಿದೆ. ಮೇಲೆ ಹೇಳಿದ ಯಾತ್ರೆಯನ್ನು ಕಾಗದದ ಮೇಲೆ ನಡೆಸಿ ಇಲ್ಲಿರುವ ದೋಷದ ಹೆಸರನ್ನು ಗುರುತಿಸಿರಿ. ಯಾವ ಗಂಟು ಏಳುವಾಗ ಬೇಕಾದದ್ದು, ಯಾವುದು ಆರಂಭೋತ್ತರ ಎಂಬುದನ್ನು ಕಾರಣಸಹಿತ ಅರ್ಧ ಪುಟದಲ್ಲಿ ಬರೆದು ಮುಂದಿನ ಸೋಮವಾರದೊಳಗೆ ವಿಭಾಗಕ್ಕೆ ಒಪ್ಪಿಸಿರಿ. 'ವೃತ್ತಾಕಾರ' ಎಂಬ ಪದವನ್ನು ಬಳಸುವಂತಿಲ್ಲ.